ಅರಣಿಗೆ ಇಳಿಸಿದ ಬೆಂಕಿ

ಸೋಮವಾರ, ಮಧ್ಯಾಹ್ನ

ನನ್ನ ಗುಬ್ಬೀ,

ಬೈಯುವುದನ್ನೆಲ್ಲ ಫೋನಿನಲ್ಲೇ ಬೈದು ಮುಗಿಸಿದ್ದೀಯ, ಸಂತೋಷ. ಅಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ಕೆಮ್ಮು ಬರುತ್ತದೆ, ನೀನು ಅಳುತ್ತೀಯ. ಅದಕ್ಕೇ ಈ ಕಾಗದ. ಇದರಲ್ಲಾದರೂ ನಡುವೆ ಬಾಯಿ ಹಾಕಬೇಡ.

ದಿನಾ ಹೋಮದ ಹೊಗೆ ಕುಡಿದು ಕುಡಿದು ಅಮ್ಮನ ಶ್ವಾಸಕೋಶ ಹೋಗಿದೆ ಎಂದು ಡಾಕ್ಟರು ಹೇಳಿದ್ದನ್ನು ನಿಮ್ಮಪ್ಪನ ಕಿವಿಗೆ ಹಾಕಿದವಳು ನೀನೇ. ಅವರು ಶುಕ್ರವಾರ ಬೆಳಗಿನ ಅಗ್ನಿಹೋತ್ರದಲ್ಲಿ ಹಾಲಿನ ಆಹುತಿ ಕೊಟ್ಟು, ಅರಣಿಯ ಎರಡೂ ಕಟ್ಟಿಗೆಗಳನ್ನು ಮೂರು ಕುಂಡಗಳಲ್ಲಿ ದುಂಡಗಿನದರ ಮೇಲೆ ಹಿಡಿದು ಕಾಯಿಸಿ ಮಂತ್ರ ಹೇಳಿದರು. ಪ್ರಯಾಣ ಹೊರಟಾಗ ಹೀಗೆ ಬೆಂಕಿಯನ್ನು ಕಟ್ಟಿಗೆಗೆ ಇಳಿಸಿಕೊಂಡು ಒಯ್ಯುವುದುಂಟು. ತಲುಪಿದ ಮೇಲೆ ಕಡೆದು ಎಬ್ಬಿಸುತ್ತಾರೆ. ಯಾವ ಊರಿಗೆ ಎಂದು ಕೇಳಿದೆ. ಎಲ್ಲಿಗೂ ಇಲ್ಲ ಅಂದರು. ಅರಣಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಹೊಗೆ ಕಂಡರೆ ಕಿರುಚುವ ಆ ಚಾವಣಿಯ ಯಂತ್ರಕ್ಕೆ ನಾನು ಹೊಲಿದು ಹಾಕಿದ್ದ ಟೋಪಿಯನ್ನೂ ಬಿಚ್ಚಿದರು. ಸಂಜೆಯೊಳಗೆ ಮೂರೂ ಕುಂಡ ತಣ್ಣಗಾದವು.

ಆಮೇಲೆ ಈ ಮನೆ ನೋಡಬೇಕಿತ್ತು. ಆಹುತಿಯ ಹೊತ್ತಿಗೆ ನಿಮ್ಮಪ್ಪ ಕೈಕಾಲು ತೊಳೆದು ಬರುತ್ತಾರೆ, ಕುಂಡಗಳ ಕೋಣೆಯ ಬಾಗಿಲಲ್ಲಿ ನಿಂತು ಹಿಂದಿರುಗುತ್ತಾರೆ. ತಟ್ಟೆಯ ಅನ್ನ ಹಾಗೇ ಬಿಟ್ಟು ಏಳುತ್ತಾರೆ. ಹೊಗೆಗೆ ದಿನಾ ಗೊಣಗುತ್ತಿದ್ದ ಕೆಳಗಿನ ಮನೆಯವಳೇ ಮೆಟ್ಟಿಲು ಹತ್ತಿ ಬಂದು, ಯಜಮಾನರಿಗೆ ಹುಷಾರಿಲ್ಲವೇ ಎಂದು ಕೇಳಿದಳು.

ಅಪ್ಪನ ಹುಚ್ಚಿಗೆ ಅಮ್ಮ ಬಲಿ ಅನ್ನುತ್ತೀಯ. ಅಲ್ಲವೇ ಹುಡುಗಿ, ಪಕ್ಕದಲ್ಲಿ ಹೆಂಡತಿ ಇಲ್ಲದಿದ್ದರೆ ಆ ಬೆಂಕಿ ಇಟ್ಟುಕೊಳ್ಳುವ ಹಕ್ಕೇ ಗಂಡನಿಗಿಲ್ಲ. ಅದು ಅವರೊಬ್ಬರದ್ದು ಹೇಗಾಯಿತು? ಇಬ್ಬರಲ್ಲಿ ಮೊದಲು ಹೋದವರನ್ನು ಅದರಲ್ಲೇ ಸುಡುತ್ತಾರೆ. ಮೊದಲು ಹೋಗುವವಳು ನಾನೇ. ನಿನಗೂ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷ ಕಣ್ಣುರಿಸಿಕೊಂಡು ಕಾಪಾಡಿದ ನನ್ನ ಬೆಂಕಿ ಬಿಟ್ಟು, ಯಾರೋ ಕಡ್ಡಿ ಗೀರಿದ ಬೆಂಕಿಯಲ್ಲಿ ನಾನ್ಯಾಕೆ ಹೋಗಲಿ?

ಇವತ್ತು ಬೆಳಿಗ್ಗೆ ಅರಣಿ ಇಳಿಸಿ ಅವರ ಮುಂದಿಟ್ಟೆ. ಮುಟ್ಟಲಿಲ್ಲ. "ನೀನಿದ್ರೆ ಸಾಕು ಕಣೇ. ಬೆಂಕಿ ಹೋದ್ರೆ ಹೋಗ್ಲಿ," ಅಂದರು. ಮದುವೆಯಾದಾಗಿನಿಂದ ಇಂಥ ಮಾತು ಅವರ ಬಾಯಲ್ಲಿ ಕೇಳಿರಲಿಲ್ಲ. ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಆಮೇಲೆ ಅದೂ ಇದೂ ಹೇಳಿ ಒಪ್ಪಿಸಿದೆ. ಅವರು ಮೇಲಿನ ಕಟ್ಟಿಗೆ ಒತ್ತಿ ಹಿಡಿದರು, ಹಗ್ಗ ನಾನೇ ಎಳೆದೆ. ಬಹಳ ಹೊತ್ತಿನ ಮೇಲೆ ಕಿಡಿ ಕಂಡಿತು. ತಪ್ಪಿದ ಹೊತ್ತುಗಳಿಗೆ ಪ್ರಾಯಶ್ಚಿತ್ತ ಮಾಡಿ ಆಹುತಿ ಕೊಟ್ಟರು. ಈಗ ಹೊಟ್ಟೆ ತುಂಬ ಉಂಡು ಮಲಗಿದ್ದಾರೆ.

ನಿನ್ನ ಹಟಮಾರಿ,
ಅಮ್ಮ

ಇನ್ನೊಂದು ಮಾತು: ಶನಿವಾರ ಬೇರೆ ಡಾಕ್ಟರಿಗೆ ತೋರಿಸಿ ಬಂದೆ, ಇದು ಹೊಗೆಯಿಂದ ಬಂದದ್ದೇ ಅಲ್ಲವಂತೆ, ಗುಳಿಗೆಯಲ್ಲಿ ವಾಸಿಯಾಗುತ್ತದಂತೆ ಎಂದು ಅವರಿಗೆ ಹೇಳಿದ್ದೇನೆ. ನಾನು ಹೋದದ್ದು ಪಾರ್ಕಿನ ಬೆಂಚಿನ ತನಕ. ಅವರು ನಿನ್ನನ್ನು ಕೇಳಿಯೇ ಕೇಳುತ್ತಾರೆ. ಹೌದು ಅನ್ನು.