ಪರದೆ ಮೇಲೆ ಬಿದ್ದ ವಿಳಾಸ

ನ್ಯಾಮತಿ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೆಂಗಿದ್ದೀಯ? ಕೈನೋವು ಕಡಿಮೆ ಆತಾ? ಧನುಶ್ರೀ ಹೊಸ ಜಾಗದಲ್ಲಿ ನಿದ್ದೆ ಮಾಡಿದಳಾ, ಇಲ್ಲಾ ಬೆಚ್ಚಿಬಿದ್ದು ಅಮ್ಮಾ ಅಂತ ಎದ್ದಳಾ? ಇಲ್ಲಿ ಅಮ್ಮ ಆರಾಮಾಗಿದ್ದಾಳೆ. ಲಕೋಟೆ ಮೇಲೆ ನಿನ್ನ ಊರು ಬರೆದಿಲ್ಲ. ನಿನ್ನೆ ನಿಮ್ಮನ್ನ ಬಿಳಿಚೋಡಿನಿಂದ ಕರ್ಕೊಂಡು ಹೋದ ಶಂಕ್ರಮ್ಮನೇ ಕೈಯಾರೆ ತಂದುಕೊಡ್ತಾಳೆ.

ಉಟ್ಟ ಬಟ್ಟೇಲೇ ಯಾಕೆ ಹೊರಡಬೇಕು ಅಂತ ದಾರಿಯುದ್ದಕ್ಕೂ ಕೇಳಿದ್ಯಂತೆ. ಹೇಳ್ತೀನಿ, ಗಾಬರಿ ಆಗಬೇಡ. ನಾನು ಕೆಲಸ ಮಾಡೋ ಮಹಿಳಾ ಸಹಾಯ ಕೇಂದ್ರದಿಂದ ನಿನಗೆ ಮೆಸೇಜ್ ಬರ್ತಾವಲ್ಲ, ಅವು ಹೋಗೋದು ಒಂದು ಸಾಫ್ಟ್‌ವೇರಿಂದ. ಕಪ್ಪು ಪರದೆ ಮೇಲೆ ಕಮಾಂಡ್ ಟೈಪ್ ಮಾಡಿ ನಡೆಸೋದು. ನಿನ್ನೆ ಬೆಳಿಗ್ಗೆ ಯಾರಿಗೂ ಮೆಸೇಜ್ ಹೋಗಲಿಲ್ಲ. ನಮ್ಮ ಕಂಪ್ಯೂಟರ್ ನೋಡ್ಕೊಳ್ಳೋ ದುರುಗೇಶ್, ತೊಂದರೆ ಎಲ್ಲೈತೆ ಅಂತ ಹುಡುಕಾಕೆ ಡೀಬಗ್ ಮೋಡ್ ಆನ್ ಮಾಡಿದ. ಅದು ಆನ್ ಆದ್ರೆ ಸಾಫ್ಟ್‌ವೇರ್ ಒಳಗೆ ಮಾಡೋದನ್ನೆಲ್ಲಾ ಹೊರಗೆ ಕಕ್ಕುತ್ತೆ. ಯಾರ ಹೆಸರು, ಯಾವ ನಂಬರು, ಎಲ್ಲಿ ಮನೆ, ನಮ್ಮ ಪಾಸ್‌ವರ್ಡ್ ಸೈತ. ಅವನು ಪೂರಾ ಓದದೇ ಅಷ್ಟನ್ನೂ ಕಾಪಿ ಮಾಡಿ, ಕಂಪ್ಯೂಟರ್ ಕೆಲಸದವರ ವಾಟ್ಸಾಪ್ ಗ್ರೂಪಿಗೆ ಹಾಕಿ, "ಎಲ್ಲಿ ಎಡವಟ್ಟಾಗೈತೆ ನೋಡ್ರಪ್ಪಾ" ಅಂದಿದ್ದ.

ನಾನು ನೋಡಿದಾಗ ಮೊದಲು ಕಂಡಿದ್ದೇ ನಿನ್ನ ಹೆಸರು: ಪ್ರೇಮಲತಾ, ಬಿಳಿಚೋಡು. ಭೀಮೇಶನಿಗೆ ಗೊತ್ತಾಗಬಾರದು ಅಂತ ನಿನ್ನ ಅಡಗಿಸಿಟ್ಟಿದ್ದ ಊರು ಅಕ್ಕಾ. "ಅಳಿಸೋ ದುರುಗೇಶಾ" ಅಂತ ಕಿರುಚಿದೆ, ಅಳಿಸಿದ. ಆದ್ರೆ ಆ ಗ್ರೂಪಿನಲ್ಲಿ ಭೀಮೇಶನ ಚಿಕ್ಕಪ್ಪನ ಮಗ ಇದ್ದಾನೆ, ಹೊನ್ನಾಳಿಯವನು. ನಿನ್ನ ಗಂಡನನ್ನ ಬಾವ ಅನ್ನಾಕೆ ಈಗ ನನಗೆ ನಾಲಿಗೆ ಬರಲ್ಲ. ನಮ್ಮ ಕೇಂದ್ರದ ಮೇಡಮ್ಮು ತಡ ಮಾಡದೇ ಶಂಕ್ರಮ್ಮನ್ನ ಕಾರಲ್ಲಿ ಕಳಿಸಿದ್ರು. ನೀವು ಹೊರಟ ಸ್ವಲ್ಪ ಹೊತ್ತಿಗೇ ಭೀಮೇಶ ಬೈಕಲ್ಲಿ ಬಂದು, ಬೀಗ ಹಾಕಿದ ಬಾಗಿಲು ಒದ್ದನಂತೆ. ಪಕ್ಕದ ಮನೆ ಅಂಜಿನಮ್ಮ ಫೋನ್ ಮಾಡಿ ಹೇಳಿದಳು. ಪೊಲೀಸರಿಗೆ ದೂರು ಕೊಟ್ಟೀವಿ. ಇವತ್ತು ಬೆಳಿಗ್ಗೆ ಪಾಸ್‌ವರ್ಡೂ ಬದಲಾಯಿಸಿದ್ರು. ದುರುಗೇಶ್ ನಿನ್ನೆಯಿಂದ ಊಟ ಬಿಟ್ಟಾನೆ. ನನಗಿನ್ನೂ ಅವನ ಮುಖ ನೋಡಾಕೆ ಆಗ್ತಿಲ್ಲ.

ಧನುಶ್ರೀ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮಿಬ್ಬರ ತಲೆ ಸವರಿದೆ ಅಂತ ಬರಿ ಅಂತಾಳೆ ಅಮ್ಮ.

ನಿನ್ನ ತಂಗಿ,
ರಮ್ಯಶ್ರೀ

ಮರೆಯದೇ ಓದು: ಅಕ್ಕಾ, ಲಕೋಟೆ ಅಂಟಿಸೋ ಹೊತ್ತಿಗೆ ಗೊತ್ತಾತು. ಪಾಸ್‌ವರ್ಡ್ ಬದಲಾಯಿಸೋ ಮುಂಚೆನೇ ಯಾರೋ ಆ ಸಾಫ್ಟ್‌ವೇರ್ ಒಳಗೆ ಹೊಕ್ಕು, ನಮ್ಮ ಕೇಂದ್ರದ ಹೆಸರಲ್ಲೇ ನಿನ್ನ ನಂಬರಿಗೆ ಮೆಸೇಜ್ ಕಳಿಸ್ಯಾರೆ. "ಶುಕ್ರವಾರ ಬೆಳಿಗ್ಗೆ ಮಗಳ ಜೊತೆ ಚನ್ನಗಿರಿ ಬಸ್ ಸ್ಟ್ಯಾಂಡಿಗೆ ಬನ್ನಿ, ನಮ್ಮವರು ಕಾಯ್ತಿರ್ತಾರೆ" ಅಂತ. ನಿನ್ನ ಫೋನ್ ಆಫ್ ಬರ್ತೈತೆ. ಆನ್ ಮಾಡಿದ್ರೆ ಅದು ಕಾಣ್ತೈತೆ. ಅದು ನಾವು ಕಳಿಸಿದ್ದಲ್ಲ. ಅಲ್ಲಿಗೆ ಪೊಲೀಸರು ಹೋಗ್ತಾರೆ. ನೀನು ಹೋಗಬೇಡ ಅಕ್ಕಾ.