ಲೋಟಕ್ಕೆ ಬಡಿದ ಚಮಚ

ಅಪ್ಪಾ, ನಿನ್ನ ಹಳೇ ನಂಬರ್ ತೆಗೆದು ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡ್ತಿದೀನಿ, ಆದ್ರೆ ಕಳಿಸಲ್ಲ. ನಿನ್ನಿಂದ ತಪ್ಪಿಸ್ಕೊಳ್ಳೋಕೇ ಇಷ್ಟು ದೂರ ಬಂದವನು ನಾನು. ಸತ್ತ ಮೇಲೂ ನೀನು ನನ್ನ ಮಾತು ತಿದ್ದೋದು ಬೇಡ.

ನಾನು ಕೆಲಸ ಮಾಡೋ ಲಾಂಡ್ರಿಯಲ್ಲಿ ಇಸ್ತ್ರಿ ಮೆಷಿನ್‌ಗೆ ಕೈ ಸಿಕ್ಕಿ ಸುಟ್ಕೊಂಡ, ನಮ್ಮ ಜೊತೆ ಕೆಲಸ ಮಾಡೋ ಅಕ್ಕ ಒಬ್ಬರನ್ನ ಕೆಲಸದಿಂದ ತೆಗೆದಿದ್ರು. ಇವತ್ತು ಎಲ್ಲರ ಪರವಾಗಿ ಮ್ಯಾನೇಜರ್ ಹತ್ರ ನಾನು ಮಾತಾಡ್ಬೇಕಿತ್ತು. ವಾರವೆಲ್ಲಾ ಬಟ್ಟೆ ಒಣಗಿಸೋ ಮೆಷಿನ್‌ಗಳ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳ್ಬೇಕಂದ್ರೆ ಗಂಟಲು ಹರ್ಕೋಬೇಕು. ಅದೇ ರೂಢಿಯಾಗಿ, ಆ ಪುಟ್ಟ ಆಫೀಸಲ್ಲಿ ಬಾಯಿ ತೆಗೆದ ತಕ್ಷಣ ಮ್ಯಾನೇಜರ್ ಕಿವಿ ಮುಚ್ಕೊಂಡ.

"ಏನಯ್ಯಾ, ಪಕ್ಕದೂರಿಗೂ ಸೇರಿಸಿ ಭಾಷಣ ಮಾಡ್ತಿದೀಯಾ?"

ನನ್ನ ಜೊತೆ ಬಂದಿದ್ದ ಎಲ್ರೂ ನಕ್ರು. ಆ ಅಕ್ಕನೂ ನಕ್ರು.

ಚಿಕ್ಕೋನಿದ್ದಾಗ ನೆಂಟರ ಮುಂದೆ ನನ್ನನ್ನ ಕುರ್ಚಿ ಮೇಲೆ ನಿಲ್ಲಿಸಿ ಮಾತಾಡಿಸಿ, ತಪ್ಪಿದಾಗೆಲ್ಲಾ ಲೋಟಕ್ಕೆ ಚಮಚ ಬಡೀತಿದ್ದೆಯಲ್ಲಾ, ಆ ಟಣ್ ಟಣ್ ಕೇಳಿಸ್ತು. ಸುಮ್ನೆ ನಿಂತೆ. ನಗು ಪೂರ್ತಿ ಅಡಗೋ ತನಕ ಕಾದೆ. ಆಮೇಲೆ ಮೆಲ್ಲಗೆ ಅಂದೆ, "ಅವರ ಕೈ ಒಂದ್ಸಲ ನೋಡಿ ಸಾರ್. ಆಮೇಲೂ ನಗು ಬಂದ್ರೆ ನಗಿ."

ಮ್ಯಾನೇಜರ್ ಎದ್ದು ಬಂದು ಆ ಕೈ ನೋಡಿದ. ಸೋಮವಾರದಿಂದ ಅಕ್ಕ ಕೆಲಸಕ್ಕೆ ಬರ್ತಾರೆ.

ಹೊರಗೆ ಬಂದ್ಮೇಲೆ ಅಕ್ಕ ಕೇಳಿದ್ರು, "ಹಾಗೆ ಕಾದು ಮಾತಾಡೋದು ಯಾರು ಕಲಿಸಿದ್ದೋ ನಿಂಗೆ?"

ಊರ ಸಭೆಗಳಲ್ಲಿ ಭಾಷಣ ಮಾಡೋವಾಗ ಜನ ನಕ್ರೆ, ಅಪ್ಪಾ, ನೀನು ಹೀಗೇ ಕಾಯ್ತಿದ್ದೆ.

"ಯಾರೂ ಇಲ್ಲ" ಅಂದೆ. ತಪ್ಪು ಅನ್ಸಿದ್ರೆ ಬಾ, ಚಮಚ ಬಡಿ.