ತೂಕ ತೃಪ್ತಿಕರವಾಗಿದೆ ಎಂದಿರಿ

ಮಾನ್ಯರೇ,

ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ ಎಂದು ಶುರುವಾಗುವ ಗಾದೆಯೊಂದಿದೆ. ಅದರ ಉಳಿದರ್ಧ ಈಚೆಗೆ ನನ್ನ ನೆನಪಿಗೆ ಬರುತ್ತಿಲ್ಲ. ಬಂದರೂ ಕೇಳಬೇಕೆನಿಸುತ್ತದೆ: ಯಾರ ಹಾಲು? ತಾಯಿಯ ಮೈಯಲ್ಲೇ ಎಚ್.ಐ.ವಿ. ಇದ್ದರೆ ಕೂಸಿಗೆ ಏನು ಕುಡಿಸಬೇಕೆಂದು ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ ನಮ್ಮ ಬೀದಿಯ ಒಂಬತ್ತು ತಿಂಗಳ ಕೂಸಿಗೆ ಪೌಷ್ಟಿಕ ಆಹಾರ ಕೊಡಿರೆಂಬ ಅರ್ಜಿಯನ್ನು ನಿಮ್ಮ ಶಿಶು ಅಭಿವೃದ್ಧಿ ಕಚೇರಿ ಎರಡು ಸಲ ತಿರುಗಿ ಕಳಿಸಿದೆ.

ಕೂಸನ್ನು ಚೌಡೇಶ್ ಎನ್ನೋಣ, ತಾಯಿಯನ್ನು ಸರಿತಾ, ಅವಳ ಅತ್ತೆಯನ್ನು ಬೊಮ್ಮಕ್ಕ. ನಿಜದ ಹೆಸರು ಬರೆದರೆ ನಾಳೆ ಅವರ ಮಗ್ಗಕ್ಕೆ ರೇಷ್ಮೆ ಕೊಡುವವರಿರುವುದಿಲ್ಲ. ಸರಿತಾಳ ಗಂಡ ಹೋದ ವರ್ಷ ತೀರಿಕೊಂಡ. ಬೀದಿಗೆ ಹೇಳಿದ್ದು ಕಾಮಾಲೆ ಎಂದು. ಆರು ತಿಂಗಳು ಮೊಲೆಹಾಲೊಂದನ್ನೇ ಕೊಡು ಎಂದರು ಆಸ್ಪತ್ರೆಯವರು. ಕೊಟ್ಟಳು. ಆಮೇಲೆ ಬಿಡಿಸು ಎಂದರು. ಬಿಡಿಸಿದಳು. ಮುಂದೇನು ಎಂಬುದನ್ನು ಯಾರೂ ಹೇಳಲಿಲ್ಲ. ರಾಗಿ ಅಂಬಲಿ, ನೀರು ಬೆರೆಸಿದ ಹಾಲು. ಬಾಯೊಳಗೆ ಅಗ್ರದ ಬಿಳಿ ಹುಣ್ಣು, ಮೇಲಿಂದ ಮೇಲೆ ಭೇದಿ.

ಅಂಗನವಾಡಿಯಲ್ಲಿ ತಕ್ಕಡಿಗೆ ಜೋಲಿ ಕಟ್ಟಿ ಕೂಸುಗಳನ್ನು ತೂಗುವಾಗ ಬೀದಿಯೇ ಸುತ್ತ ನಿಂತಿರುತ್ತದೆ. ಮೊಮ್ಮಗ ಕಡಿಮೆ ತೂಗಿದರೆ, ಮಗ ಸತ್ತದ್ದು ಯಾವ ಕಾಯಿಲೆಯಿಂದ ಎಂದು ಜನ ಊಹಿಸಿಬಿಡುತ್ತಾರೆಂಬ ಹೆದರಿಕೆ ಬೊಮ್ಮಕ್ಕನಿಗೆ. ಆಕೆ ನೆಂಟರ ಮನೆಗಳಿಂದ ಬೇಡಿ ತಂದ ಬೆಳ್ಳಿ ಉಡಿದಾರ, ಕಡಗ, ಗೆಜ್ಜೆ ಎಲ್ಲ ತೊಡಿಸಿ, ಹೊಟ್ಟೆ ಬಿರಿಯುವಷ್ಟು ಬಿಸಿನೀರು ಕುಡಿಸಿ, ಮೇಲೆ ದಪ್ಪನೆಯ ಅಂಗಿ ಹಾಕಿ ಕೂಸನ್ನು ತರುತ್ತಿದ್ದಳು. "ನಮ್ ಹುಡ್ಗ ಏನ್ ಬಡಕಲಾ? ತೂಗಮ್ಮಾ, ನೋಡಾನ!" ತಕ್ಕಡಿ ಒಪ್ಪಿತು. ನಮ್ಮ ಮೊದಲ ಅರ್ಜಿಗೆ ಉತ್ತರವಾಗಿ ನಿಮ್ಮ ಕಚೇರಿಯೂ ಒಪ್ಪಿತು: 'ತೂಕ ತೃಪ್ತಿಕರವಾಗಿದೆ.' ಬೆಳ್ಳಿಗೆ ಪೌಷ್ಟಿಕತೆಯ ಕೊರತೆಯಿಲ್ಲವೆಂದು ನೀವು ಕಂಡುಕೊಂಡಿರಿ.

ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಸರಿತಾಳೊಡನೆ ನಾನು ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿ ಬರಿಮೈಯಲ್ಲಿ ತೂಗಿಸಿದರು. ಉಡಿದಾರ ತೆಗೆದ ಸೊಂಟದಲ್ಲಿ ಚರ್ಮ ಮಡಿಕೆ ಮಡಿಕೆಯಾಗಿ ಜೋತಿತ್ತು. "ಈ ಸೋಂಕಿನ ಅನುಮಾನ ಇರೋ ಕೂಸಿಗೆ ಉಳಿದವಕ್ಕಿಂತ ಹೆಚ್ಚೇ ತಿನ್ನಿಸ್ಬೇಕಮ್ಮ. ಏನು ತಿನ್ನಿಸ್ತಿದೀಯ?" ಎಂದರು ಡಾಕ್ಟರು.

"ಇದ್ದಿದ್ದು ಸಾರ್," ಎಂದಳು ಸರಿತಾ.

ಹೊಸ ತೂಕ ಬರೆಸಿ ಮತ್ತೆ ಅರ್ಜಿ ಹಾಕಿದೆವು. ನಿಮ್ಮ ಎರಡನೆಯ ಉತ್ತರ ಇನ್ನೂ ಪ್ರೌಢವಾಗಿತ್ತು: ಸೋಂಕು ಇದೆಯೋ ಇಲ್ಲವೋ ಎಂಬುದು ಹದಿನೆಂಟನೇ ತಿಂಗಳ ರಕ್ತಪರೀಕ್ಷೆಯಲ್ಲಿ ಖಚಿತವಾದ ಮೇಲಷ್ಟೇ ವಿಶೇಷ ಆಹಾರ. ಅದಕ್ಕೆ ಮೊದಲು ಕೂಸಿನ ರಕ್ತದಲ್ಲಿ ತಾಯಿಯಿಂದ ಬಂದ ಗುರುತೇ ಕಾಣಬಹುದಾದ್ದರಿಂದ ಪರೀಕ್ಷೆಯನ್ನು ನಂಬಲಾಗದು, ಒಪ್ಪಿದೆ. ಹಸಿವನ್ನೂ ನಂಬಲಾಗದೇ? ಈ ಕೂಸು ಅಲ್ಲಿಯವರೆಗೆ ಏನು ತಿಂದುಕೊಂಡಿದ್ದು ನಿಮ್ಮ ಪರೀಕ್ಷೆಗೆ ಹಾಜರಾಗಬೇಕು? ಕೊನೆಗೆ ಸೋಂಕಿಲ್ಲವೆಂದು ತಿಳಿದರೆ, ತಿನ್ನಿಸಿದ ಹಿಟ್ಟು ದಂಡವಾಯಿತೆಂದು ನಿಮಗೆ ಸಂಕಟವಾಗುವುದೇ?

ನನಗೆ ಹೋರಾಟ ಗೊತ್ತಿಲ್ಲ. ಎಂ.ಎ. ಓದಿದ್ದೇನೆ, ಕವಿತೆ ಓದುತ್ತೇನೆ. ಸಂಜೆ ಒಂದು ಲೋಟ ಹಾಲು, ಒಂದು ಮೊಟ್ಟೆ ಅವರ ಮನೆಗೆ ಕೊಟ್ಟು ಬರುತ್ತೇನೆ. ಸಾಲದೆಂದು ಗೊತ್ತಿದ್ದೇ ಕೊಡುತ್ತೇನೆ. ತೂಗುವ ದಿನವಾದರೂ ಆ ಬೆಳ್ಳಿ ತೆಗೆಯಿರಿ ಎಂದು ಬೊಮ್ಮಕ್ಕನಿಗೆ ಹೇಳಿದರೆ, "ಅದನ್ನೂ ತೆಗದ್ರೆ ನನ್ ಕೂಸಿನ್ ಮೈಮ್ಯಾಲೆ ಏನೈತವ್ವಾ?" ಎನ್ನುತ್ತಾಳೆ. ಖಾಲಿ ಲೋಟ ಎತ್ತಿಕೊಂಡು ಬರುತ್ತೇನೆ.

ಕೇಳುವುದಿಷ್ಟೇ. ಸೋಂಕಿರುವ ತಾಯಿಗೆ ಹುಟ್ಟಿದ ಕೂಸಿಗೆ, ಪರೀಕ್ಷೆಯ ಫಲಕ್ಕೆ ಕಾಯದೆ, ಈ ವಾರವೇ ಆಹಾರ ಕೊಡಿಸಿ. ಬೀದಿಗೆ ಕಾರಣ ಹೇಳಬೇಡಿ. ತೂಗುವುದಾದರೆ ಬಾಗಿಲು ಹಾಕಿ ತೂಗಿಸಿ.

ಇಂತಿ,
ತಿರುಗಿ ಬಂದ ಅರ್ಜಿಗಳನ್ನು ಸ್ವಂತ ಕೈಯಿಂದ ಬರೆದ,
ಓದಿದವಳೆಂದು ಬೀದಿ ಇನ್ನೂ ನಂಬಿರುವ ಹೆಂಗಸು
ಮೊಳಕಾಲ್ಮೂರು, ೨೦೦೫

ಲಕೋಟೆ ಅಂಟಿಸುವ ಮೊದಲು ಇಷ್ಟು ಸೇರಿಸಬೇಕಾಗಿದೆ. ಪಕ್ಕದ ಮನೆಯ ಪಾತಮ್ಮ ಈಗಷ್ಟೇ ಬಾಗಿಲಿಗೆ ಬಂದಿದ್ದಳು, ಅಂಗೈಯಲ್ಲಿ ಬೆಲ್ಲದ ಚೂರು. "ನಿನ್ನೆಯಿಂದ ಕೂಸು ಅತ್ತೇ ಇಲ್ವಂತೆ ಅಕ್ಕಾ. ಮೊಮ್ಮಗ ಸುಧಾರಿಸ್ಕಂಡ ಅಂತ ಬೊಮ್ಮಕ್ಕ ಬೀದಿಗೆಲ್ಲ ಬೆಲ್ಲ ಹಂಚ್ತೈತೆ. ನಂಗ್ಯಾಕೋ ಬಾಯಿಗ್ ಹಾಕ್ಕಳಾಕೆ ಆಗ್ಲಿಲ್ಲ. ಅಳಾಕೂ ತ್ರಾಣ ಬೇಕಲ್ರೀ?"